ಸಹಾಯ ಬೇಕು: ಕಾಫಿಫೋಲಿಯಾ ಎಲೆ ಮೇಲೆ ಕಪ್ಪು ಪಾಚಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬೈನ ಮುಲುಂಡ್‌ನಲ್ಲಿದ್ದೇನೆ. ಮನೆಯಲ್ಲಿ 2 ಅಡಿಯ ಮೀನಿನ ಟ್ಯಾಂಕ್ ಇದೆ. ಒಂದು ವರ್ಷದ ಹಿಂದೆ ಅದಕ್ಕೆ ಅನುಬಿಯಾಸ್ ಕಾಫಿಫೋಲಿಯಾ ಅನ್ನೋ, ನೀರೊಳಗೆ ಬೆಳೆಯೋ ಗಿಡ ತಂದೆ. ಕಾಫಿ ಎಲೆಯ ಹಾಗೆ ನರಗಳ ನಡುವೆ ಉಬ್ಬಿದ ಎಲೆ, ನೋಡೋಕೆ ತುಂಬಾ ಚೆಂದ. ಬೆಳೆಯೋದು ಮಾತ್ರ ಬಹಳ ನಿಧಾನ, ತಿಂಗಳಿಗೆ ಒಂದೇ ಎಲೆ.

ಈಗ ಹಳೆ ಎಲೆಗಳ ಅಂಚಿಗೆ, ನರಗಳ ತಗ್ಗಿಗೆ ಬ್ರಷ್‌ನಂಥ ಕಪ್ಪು ಪಾಚಿ ಹಿಡಿದಿದೆ. ಬೆರಳಲ್ಲಿ ಉಜ್ಜಿದರೆ ಬರಲ್ಲ. ಹಳೆ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿದೆ, ಒಂದು ಎಳೆ ಎಲೆ ಹರಿದೇ ಹೋಯಿತು. ತುಂಬಾ ಬೇಜಾರಾಯಿತು. ಲೈಟ್ ಉರಿಸೋ ಸಮಯವನ್ನು ದಿನಕ್ಕೆ 10 ಗಂಟೆಯಿಂದ 6 ಗಂಟೆಗೆ ಇಳಿಸಿದ್ದೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ಮೀನಿಗೆ ಆಹಾರವನ್ನೂ ಕಡಿಮೆ ಮಾಡಿದೆ. ಗಿಡವನ್ನು ಮರದ ತುಂಡಿಗೆ ದಾರದಿಂದ ಕಟ್ಟಿದ್ದೇನೆ. ಅದರ ದಪ್ಪ ಕಾಂಡ ಮರಳಲ್ಲಿ ಹೂತಿಲ್ಲ, ಗಟ್ಟಿಯಾಗಿಯೇ ಇದೆ.

ಇರೋದು 9 ಎಲೆ, ಅದರಲ್ಲಿ 5ಕ್ಕೆ ಪಾಚಿ. ಅಂಥ ಎಲೆ ಕತ್ತರಿಸಿಬಿಡು ಅಂತಾರೆ ಕೆಲವರು. ಆದರೆ ಇಷ್ಟು ನಿಧಾನದ ಗಿಡ, 4 ಎಲೆಯಲ್ಲಿ ಬದುಕುತ್ತಾ? ಐದನ್ನೂ ಒಟ್ಟಿಗೆ ಕತ್ತರಿಸಲೇ, ಇಲ್ಲಾ ಹೊಸ ಎಲೆ ಬಂದ ಹಾಗೆ ಒಂದೊಂದಾಗಿ ತೆಗೆಯಲೇ? ಕಾಫಿಫೋಲಿಯಾ ಬೆಳೆಸಿದವರು ದಯವಿಟ್ಟು ಹೇಳಿ.