ಸಿಗ್ನಲ್ ಸೆನ್ಸರ್‌ಗೆ ಸೈಕಲ್ ಏಕೆ ಕಾಣಿಸುವುದಿಲ್ಲ?

ಪ್ರಶ್ನೆ:
ಬೇರೆ ವಾಹನಗಳಿಲ್ಲದ ಹೊತ್ತಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ಎಷ್ಟು ಕಾದರೂ ಕೆಂಪು ದೀಪ ಬದಲಾಗುವುದಿಲ್ಲ. ಹಿಂದೆ ಒಂದು ಕಾರು ಬಂದರೆ ಸ್ವಲ್ಪ ಹೊತ್ತಿಗೇ ಹಸಿರು ಬೀಳುತ್ತದೆ. ನಿಲುಗಡೆ ಗೆರೆಯ ಹಿಂದೆ ರಸ್ತೆಯನ್ನು ಆಯತಾಕಾರವಾಗಿ ಕೊರೆದ ಗುರುತಿದೆ. ಸೆನ್ಸರ್ ತೂಕವನ್ನು ಅಳೆಯುತ್ತದೆಯೇ? ಸೈಕಲ್ಲಿಗೆ ಅಯಸ್ಕಾಂತ ಕಟ್ಟಿದರೆ ಉಪಯೋಗವಾಗುತ್ತದೆಯೇ?

ಉತ್ತರ 1:
ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಕೊರೆದ ಗೆರೆಯೊಳಗೆ ಕೆಲವು ಸುತ್ತು ತಂತಿಯನ್ನು ಹೂತಿರುತ್ತಾರೆ; ಇದೇ ಲೂಪ್. ರಸ್ತೆಬದಿಯ ಪೆಟ್ಟಿಗೆಯಲ್ಲಿರುವ ಡಿಟೆಕ್ಟರ್ ಅದರಲ್ಲಿ ಸಾಮಾನ್ಯವಾಗಿ ಹತ್ತಾರು ಕಿಲೋಹರ್ಟ್ಸ್ ಆವರ್ತನದ ವಿದ್ಯುತ್ತನ್ನು ಹರಿಸುತ್ತದೆ. ಲೋಹದ ವಸ್ತು ಮೇಲೆ ಬಂದಾಗ ಅದರಲ್ಲಿ ಸುಳಿ ಪ್ರವಾಹಗಳು (ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹಗಳು) ಹುಟ್ಟಿ ಲೂಪ್‌ನ ಕಾಂತಕ್ಷೇತ್ರವನ್ನು ಎದುರಿಸುವುದರಿಂದ, ಲೂಪ್‌ನ ಪ್ರೇರಕತೆ (ಪ್ರವಾಹದ ಏರಿಳಿತವನ್ನು ತಡೆಯುವ ಗುಣ) ತಗ್ಗಿ ಆವರ್ತನ ತುಸು ಏರುತ್ತದೆ. ಈ ಬದಲಾವಣೆ ನಿಗದಿತ ಮಿತಿಯನ್ನು ದಾಟಿದರೆ ಮಾತ್ರ ವಾಹನವಿದೆ ಎಂದು ದಾಖಲಾಗುತ್ತದೆ. ಬೇಕಾದದ್ದು ವಿದ್ಯುತ್ ಹರಿಯಬಲ್ಲ ಲೋಹವೇ ಹೊರತು ಕಾಂತತ್ವವಲ್ಲ. ಆದ್ದರಿಂದಲೇ ಅಯಸ್ಕಾಂತಕ್ಕೆ ಅಂಟದ ಅಲ್ಯೂಮಿನಿಯಂ ರಿಮ್ ಸೆನ್ಸರ್‌ಗೆ ಚೆನ್ನಾಗಿ ಸಿಗುತ್ತದೆ, ಅಯಸ್ಕಾಂತ ಕಟ್ಟಿದ ಮಾತ್ರಕ್ಕೆ ಪ್ರಯೋಜನವಾಗುವುದಿಲ್ಲ.

ಉತ್ತರ 2:
ಎಲ್ಲಿ ನಿಲ್ಲುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಆಯತದ ನಡುವೆ ಕಾಂತರೇಖೆಗಳು ನೆಟ್ಟಗೆ ಮೇಲೇಳುತ್ತವೆ. ನೆಟ್ಟಗೆ ನಿಂತ ಚಕ್ರದ ಬಳೆಯನ್ನು ಅವು ಹಾಯ್ದುಹೋಗುವುದಿಲ್ಲ. ತಂತಿಯ ಮೇಲೆ ಅವು ಬಾಗಿ ಅಡ್ಡಲಾಗಿ ಸಾಗುವುದರಿಂದ, ಎರಡೂ ಚಕ್ರಗಳು ಆಯತದ ಉದ್ದಗೆರೆಯ ಮೇಲೆಯೇ ಇರುವಂತೆ ನಿಂತರೆ ರಿಮ್‌ನಲ್ಲಿ ಹೆಚ್ಚು ಪ್ರವಾಹ ಹುಟ್ಟುತ್ತದೆ. ನಡುವೆಯೂ ಒಂದು ಉದ್ದಗೆರೆಯಿದ್ದರೆ ಅದರ ಮೇಲೆ ನಿಲ್ಲುವುದು ಇನ್ನೂ ಒಳ್ಳೆಯದು, ಏಕೆಂದರೆ ಅಂಥ ಲೂಪ್‌ನಲ್ಲಿ ಕ್ಷೇತ್ರವು ಅತ್ಯಂತ ಬಲವಾಗಿರುವುದು ಅಲ್ಲಿಯೇ. ಕಾರ್ಬನ್ ರಿಮ್‌ಗಳಿಗೆ ಈ ಉಪಾಯ ಅಷ್ಟಾಗಿ ಫಲಿಸದು.

ಉತ್ತರ 3:
ಸರಿಯಾದ ಜಾಗದಲ್ಲಿ ನಿಂತರೂ ದೀಪ ಬದಲಾಗದಿದ್ದರೆ ಡಿಟೆಕ್ಟರ್‌ನ ಸಂವೇದನೆಯನ್ನು ತೀರಾ ಕಡಿಮೆ ಇಟ್ಟಿರಬಹುದು, ಇಲ್ಲವೇ ತಂತಿಯೇ ತುಂಡಾಗಿರಬಹುದು. ಆದರೆ ನಿಮ್ಮ ವಿಷಯದಲ್ಲಿ ಕಾರಿಗೆ ಸ್ಪಂದಿಸುತ್ತಿರುವುದರಿಂದ ಮೊದಲನೆಯದೇ ಹೆಚ್ಚು ಸಂಭವ. ಸಂವೇದನೆಯನ್ನು ಮಿತಿಮೀರಿ ಹೆಚ್ಚಿಸಿದರೆ ಪಕ್ಕದ ಲೇನಿನ ಲಾರಿಯೂ ದಾಖಲಾಗುತ್ತದೆ ಎಂಬ ತೊಡಕು ನಿಜವಾದರೂ, ಸೈಕಲ್ ಸವಾರರನ್ನು ಕೆಂಪು ದೀಪದಲ್ಲಿ ಕಾಯಿಸುತ್ತಲೇ ಇರಲು ಅದು ಕಾರಣವಾಗಬಾರದು. ಲೂಪ್‌ನ ಆಕಾರವನ್ನು ಬದಲಿಸಿ ಅಥವಾ ಕ್ಯಾಮೆರಾ, ರೇಡಾರ್ ಅಳವಡಿಸಿ ಇದನ್ನು ಸರಿಪಡಿಸಬಹುದು. ಸಿಗ್ನಲ್ ನಿರ್ವಹಿಸುವ ಕಚೇರಿಗೆ ಬರೆಯುವಾಗ ಯಾವ ದಿಕ್ಕಿನ ಯಾವ ಲೇನ್, ನೀವು ಗೆರೆಯ ಯಾವ ಭಾಗದ ಮೇಲೆ ನಿಂತಿದ್ದಿರಿ, ರಿಮ್ ಯಾವ ಲೋಹದ್ದು ಎಂಬುದನ್ನು ತಪ್ಪದೆ ತಿಳಿಸಿ.