ಜಿಆರ್‌ಇಗೆ ಪದಪಟ್ಟಿ ಉರು ಹೊಡೆದರೆ ಸಾಕೇ?

ಪ್ರಶ್ನೆ: ಹಾಸನದ ವಿದ್ಯಾರ್ಥಿ
ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಈಗ ಬಿಇ ಕೊನೆಯ ವರ್ಷ, ವಿದೇಶದಲ್ಲಿ ಸ್ನಾತಕೋತ್ತರ ಓದಿಗೆಂದು ಜಿಆರ್‌ಇ ಪ್ರವೇಶ ಪರೀಕ್ಷೆ ಬರೆಯಬೇಕಿದೆ. ತರಬೇತಿ ಕೇಂದ್ರದವರು ದಪ್ಪನೆಯ ಪದಪಟ್ಟಿಯೊಂದನ್ನು ಕೈಗಿತ್ತಿದ್ದಾರೆ. ‘ಲೇಕಾನಿಕ್’ ಎಂದರೆ ಮಿತಭಾಷಿ ಎಂದು ಥಟ್ಟನೆ ಹೇಳಬಲ್ಲೆ. ವಾಕ್ಯದಲ್ಲಿ ಬಿಟ್ಟ ಸ್ಥಳ ತುಂಬಲು ಕೂತರೆ ಮಾತ್ರ ತಲೆ ಓಡುವುದಿಲ್ಲ.

ಉತ್ತರ 1: ಕಾರ್ಡ್ ಪ್ರಿಯ
ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್ ಬಳಸಿ. ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಮುಂದಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ಉಚಿತ.

ಉತ್ತರ 2: ನಿವೃತ್ತ ಇಂಗ್ಲಿಷ್ ಅಧ್ಯಾಪಕಿ
ಆ ಪಟ್ಟಿ ಹಳೆಯ ಪರೀಕ್ಷೆಯ ಕಾಲದ್ದೇ ಇರಬೇಕು. ವಿರುದ್ಧಪದ ಹೇಳಿ, ಪದಜೋಡಿ ಹೊಂದಿಸಿ ಎಂಬ ಪ್ರಶ್ನೆಗಳನ್ನು ಜಿಆರ್‌ಇ 2011ರಲ್ಲೇ ಕೈಬಿಟ್ಟಿತು. ತರಬೇತಿಯವರಿಗೆ ಅದು ಇನ್ನೂ ತಲುಪಿದಂತಿಲ್ಲ! ಈಗ ಒಂದು ಬಗೆಯ ಪ್ರಶ್ನೆಯಲ್ಲಿ ಆರು ಪದ ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ತರುವ ಎರಡನ್ನು ಆರಿಸಲು ಹೇಳುತ್ತಾರೆ. ‘ಸಭೆಯಲ್ಲಿ ಲೇಕಾನಿಕ್ ಆಗಿದ್ದರೂ ಮನೆಯಲ್ಲಿ ಆತ ____’ ಎಂದಿದೆ ಎನ್ನಿ. ‘ಆಗಿದ್ದರೂ’ ಎಂಬಲ್ಲೇ ವಾಕ್ಯ ಹೊರಳಿತು. ಬೇಕಿರುವುದು ವಾಚಾಳಿ ಎಂಬರ್ಥದ ಜೋಡಿ. ‘ಲೊಕ್ವೇಶಸ್’, ‘ಗಾರುಲಸ್’ ಎರಡೂ ಹೊಂದುತ್ತವೆ. ಎರಡನೆಯದರಲ್ಲಿ ಸ್ವಲ್ಪ ತಾತ್ಸಾರವೂ ಇದೆ: ಕೆಲಸಕ್ಕೆ ಬಾರದ್ದನ್ನು ಹರಟುವವನು.

ಹಾಗಾಗಿ ಪದಗಳನ್ನು ಅಕಾರಾದಿಯಾಗಿ ಕಲಿಯಬೇಡಿ, ಬಳಗವಾಗಿ ಕಲಿಯಿರಿ. ಮಾತನಾಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ‘ಲೊಕ್ವೇಶಸ್’ ಬಂತು; ‘ಎಲೊಕ್ವೆಂಟ್’ (ವಾಕ್ಪಟು), ‘ಸೊಲಿಲೊಕ್ವಿ’ (ಸ್ವಗತ) ಅದರ ದಾಯಾದಿಗಳು. ‘ಲೇಕಾನಿಕ್’ನ ಮೂಲ ಪ್ರಾಚೀನ ಗ್ರೀಸ್‌ನಲ್ಲಿ ಸ್ಪಾರ್ಟಾ ನಗರವಿದ್ದ ಲಕೋನಿಯಾ ಪ್ರಾಂತ್ಯ. ಅಲ್ಲಿಯವರ ಮಾತು ಅಳೆದು ತೂಗಿದ್ದು ಎಂದು ಹೆಸರಾಗಿತ್ತು.

ಪ್ರಶ್ನೆ ಕೇಳಿದವರು
ಧನ್ಯವಾದ ಮೇಡಂ. ಪತ್ರಿಕೆಗಳ ಸಂಪಾದಕೀಯ ಓದಿದರೆ ಸಾಕೇ?

ಅಧ್ಯಾಪಕಿ
ಅದು ಎಲ್ಲರೂ ಕೊಡುವ ಸಲಹೆ, ನನಗೆ ಅರ್ಧ ಮಾತ್ರ ಒಪ್ಪಿಗೆ. ಸಂಪಾದಕೀಯದಲ್ಲಿ ರಾಜಕೀಯದ ನುಡಿಗಟ್ಟು ಸಿಗುತ್ತದೆ. ಜಿಆರ್‌ಇ ಗದ್ಯಭಾಗಗಳು ಜೀವವಿಜ್ಞಾನ, ಕಲೆ, ಇತಿಹಾಸದ ಕಡೆಗೂ ಹೋಗುತ್ತವೆ. ಅಂಥ ದೀರ್ಘ ಲೇಖನ ವಾರಕ್ಕೆರಡು ಓದಿ. ನಿಘಂಟು ಕೊನೆಗೆ ತೆರೆಯಿರಿ, ಮೊದಲು ಊಹಿಸಿ. ಇನ್ನು, ಕಲಿತ ಪದಗಳನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಕಳಿಸುವ ಪ್ರಬಂಧದಲ್ಲಿ ದಯವಿಟ್ಟು ಸುರಿಯಬೇಡಿ. ಅಂಥದ್ದನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಕಾರ್ಡ್ ಪ್ರಿಯ
ಮೇಡಂ ಹೇಳಿದ್ದು ಆಂಕಿಯಲ್ಲೂ ಸಾಧ್ಯ. ಕಾರ್ಡಿನ ಮುಂದೆ ಒಂಟಿ ಪದದ ಬದಲು ಲೇಖನದಲ್ಲಿ ಸಿಕ್ಕ ವಾಕ್ಯವನ್ನೇ ಹಾಕಿ, ಆ ಪದದ ಜಾಗ ಖಾಲಿ ಬಿಡಿ.