ಜಾಹೀರಾತಿನ ಗದ್ದಲ ಬೇಕಂತಲೇ ಎಬ್ಬಿಸ್ತಾರೇನ್ರಿ? ಬ್ಯಾಳಿ ಬ್ರ್ಯಾಂಡಿಗೆ ಸಲಹೆ ಬೇಕು

ಕೇಳಿದವರು: ದಾಲ್ ಮಿಲ್, ಕಲಬುರಗಿ

ನಮಸ್ಕಾರ್ರಿ. ನಮ್ದು ತೊಗರಿ ಬ್ಯಾಳಿ. ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್ ಮಾಡಿ ಕಲಬುರಗಿ, ಯಾದಗಿರಿ, ಬೀದರ್ ಅಂಗಡಿಗಳಿಗೆ ಕೊಡ್ತೀವಿ. ಧಾರಾವಾಹಿ ನಟಿಯೊಬ್ಬರನ್ನ ಕರೆಸಿ ಜಾಹೀರಾತು ಮಾಡಬೇಕಂತ ಅದೀವಿ. ಏಜೆನ್ಸಿಯವರು ಬರೆದುಕೊಟ್ಟ ಸಾಲು: ‘ದಾಸೋಹದ ಸಾರೂ ಇದರ ಮುಂದ ಸಪ್ಪೆ.’ ‘ಎರಡು ದಿನ ಗದ್ದಲ ಆಗ್ಲಿ, ಮೂರನೇ ದಿನ ಕ್ಷಮಾ ಕೇಳಿದ್ರಾಯ್ತು, ಪುಕ್ಕಟ ಪ್ರಚಾರ. ದೊಡ್ಡ ಕಂಪನಿಗೋಳು ಮಾಡೋದೇ ಹಿಂಗ’ ಅಂತ ವಾಟ್ಸಾಪ್‌ನಾಗ ಕಳಿಸ್ಯಾರ. ಖರೇನಾ ಇದು? ಗೊತ್ತಿದ್ದವರು ಹೇಳ್ರಿ.

ಜಾಹೀರಾತು ಯೋಜನೆ, ಕಲಬುರಗಿ

ಆ ಸಾಲು ಮೊದಲು ಬಿಡ್ರಿ. ಶರಣಬಸವೇಶ್ವರರ ಊರಾಗ ದಾಸೋಹ ಅನ್ನೋ ಮಾತನ್ನ ರುಚಿ ಪೈಪೋಟಿಗೆ ಎಳೀಬಾರದು. ಮೂರನೇ ದಿನದ ಕ್ಷಮಾದಿಂದ ಅದು ತಣ್ಣಗಾಗೂದಿಲ್ಲ.

ಇನ್ನ ನಿಮ್ಮ ಪ್ರಶ್ನೆ. ಎಲ್ಲಾ ಗದ್ದಲ ಒಂದೇ ಥರ ಹುಟ್ಟೂದಿಲ್ಲ. 2015ರ ನವೆಂಬರ್‌ನಾಗ ಆಮಿರ್ ಖಾನ್ ಅಸಹಿಷ್ಣುತೆ ಬಗ್ಗೆ ಮಾತಾಡಿದ್ದಕ್ಕ, ಅವರು ಪ್ರಚಾರ ಮಾಡ್ತಿದ್ದ ಸ್ನ್ಯಾಪ್‌ಡೀಲ್ ಅನ್ನೋ ಆನ್‌ಲೈನ್ ಅಂಗಡಿಯ ಆ್ಯಪ್ ಜನ ಅಳಿಸಿದ್ರು, ಒಂದೊಂದೇ ಸ್ಟಾರ್ ಕೊಟ್ಟರು. ಜಾಹೀರಾತಿಗೂ ಆ ಮಾತಿಗೂ ಸಂಬಂಧನೇ ಇರಲಿಲ್ಲ. ಅದು ಅವರ ವೈಯಕ್ತಿಕ ಮಾತು ಅಂತ ಕಂಪನಿ ದೂರ ನಿಂತಿತು, ಮರುವರ್ಷ ಒಪ್ಪಂದ ಮುಂದುವರಿಸಲಿಲ್ಲ. 2025ರ ಮೇ ತಿಂಗಳಾಗ ಮೈಸೂರು ಸ್ಯಾಂಡಲ್ ಸಾಬೂನಿಗೆ ತಮನ್ನಾ ಭಾಟಿಯಾ ಅವರನ್ನ ಎರಡು ವರ್ಷಕ್ಕ 6.2 ಕೋಟಿ ರೂಪಾಯಿಗೆ ನೇಮಿಸಿದಾಗ ‘ಕನ್ನಡದ ನಟಿ ಸಿಗಲಿಲ್ಲೇನು’ ಅಂತ ಸಿಟ್ಟು ಎದ್ದಿತು. ಹೊರರಾಜ್ಯದ ಮಾರುಕಟ್ಟೆ ಹಿಡಿಯೋದಕ್ಕ ಅಂತ ಸಚಿವ ಎಂ.ಬಿ. ಪಾಟೀಲರು ವಿವರಣೆ ಕೊಟ್ಟರು. ಅಲ್ಲಿ ಜಾಹೀರಾತಿನ ಸಾಲು ಒಂದೂ ಹೊರಗ ಬರೂ ಮೊದಲೇ ಹೆಸರಿನ ಮ್ಯಾಲೆ ಜಗಳ.

ಲೆಕ್ಕ ಹಾಕಿ ಇಳಿದವರೂ ಇದ್ದಾರ. 2018ರ ಸೆಪ್ಟೆಂಬರ್‌ನಾಗ ನೈಕಿ ಕಂಪನಿ ಕಾಲಿನ್ ಕೇಪರ್ನಿಕ್ ಮುಖ ಹಾಕಿತು. ರಾಷ್ಟ್ರಗೀತೆ ಹೊತ್ತಿನಾಗ ಮಂಡಿಯೂರಿ ಪ್ರತಿಭಟಿಸಿದ ಅಮೆರಿಕನ್ ಫುಟ್‌ಬಾಲ್ ಆಟಗಾರ ಅವರು. ಕೆಲವರು ಶೂ ಸುಟ್ಟರು, ಷೇರು ಇಳೀತು, ಅದೇ ತಿಂಗಳು ಮತ್ತ ದಾಖಲೆ ಎತ್ತರಕ್ಕ ಏರಿತು. ಶೂ ಕೊಳ್ಳೋ ಹುಡುಗರು ಯಾರ ಕಡೆ ನಿಲ್ತಾರ ಅನ್ನೋದು ಅವರಿಗೆ ಗೊತ್ತಿತ್ತು, ಅದಕ್ಕ ಒಂದು ಹೆಜ್ಜೆನೂ ಹಿಂದ ಸರೀಲಿಲ್ಲ. ನಿಮ್ಮ ಬ್ಯಾಳಿ ಹಂಗಲ್ಲ. ಮಠದ ಭಕ್ತರೂ, ದರ್ಗಾ ಓಣಿಯವರೂ, ಖಾನಾವಳಿಯವರೂ ಒಂದೇ ಪ್ಯಾಕೆಟ್ ಒಯ್ತಾರ. ಅರ್ಧ ಗಿರಾಕಿ ಬಿಟ್ಟು ಉಳಿದರ್ಧ ಗಟ್ಟಿ ಮಾಡ್ಕೊಳ್ಳೋ ಆಟ ದಿನಸಿಯಾಗ ನಡೆಯೂದಿಲ್ಲ.

ಬ್ರ್ಯಾಂಡ್ ಸಂವಹನ, ಬೀದರ್

ಬೇಕಂತ ಮಾಡಿದ್ದೋ ಇಲ್ಲವೋ ಎಂದು ಗುರುತಿಸಲು ಮೊದಲ 48 ಗಂಟೆ ನೋಡಿ. ಮೊದಲೇ ಲೆಕ್ಕ ಹಾಕಿದವರ ಬಳಿ ಹೇಳಿಕೆ ತಯಾರಿರುತ್ತದೆ, ಜಾಹೀರಾತು ನಿಲ್ಲುವುದಿಲ್ಲ, ಅಂಗಡಿಯಲ್ಲಿ ಮಾಲು ಖಾಲಿಯಾಗುವುದಿಲ್ಲ. 2025ರ ಜುಲೈನಲ್ಲಿ ಅಮೆರಿಕನ್ ಈಗಲ್ ಕಂಪನಿ ನಟಿ ಸಿಡ್ನಿ ಸ್ವೀನಿ ಅವರೊಂದಿಗೆ ಮಾಡಿದ್ದು ಇದಕ್ಕೆ ಹತ್ತಿರ. ತೊಡುವ ಜೀನ್ಸ್‌ಗೂ ವಂಶವಾಹಿ ಎಂಬರ್ಥದ ಜೀನ್ಸ್‌ಗೂ ಒಂದೇ ಉಚ್ಚಾರ, ಅದನ್ನೇ ಸಾಲು ಮಾಡಿದರು. ವರ್ಣಶ್ರೇಷ್ಠತೆಯ ವಾಸನೆ ಎಂದು ಟೀಕೆ ಬಂದಾಗ ‘ಇದು ಜೀನ್ಸ್ ಬಟ್ಟೆಯ ಮಾತು ಮಾತ್ರ’ ಎಂದು ಹೇಳಿಕೆ ಕೊಟ್ಟು ಜಾಹೀರಾತನ್ನು ಉಳಿಸಿಕೊಂಡರು. ಪದದಾಟ ಬೇಕಂತಲೇ ಆಡಿದ್ದು. ಗದ್ದಲ ಅಷ್ಟು ದೊಡ್ಡದಾಗುವುದು ಮೊದಲೇ ಗೊತ್ತಿತ್ತು ಎನ್ನಲು ಆಧಾರವಿಲ್ಲ.

ಲೆಕ್ಕ ಇಲ್ಲದವರು ಒಂದೆರಡು ದಿನದಲ್ಲೇ ತೆಗೆದುಬಿಡುತ್ತಾರೆ. 2017ರಲ್ಲಿ ರೂಪದರ್ಶಿ ಕೆಂಡಲ್ ಜೆನ್ನರ್ ಪ್ರತಿಭಟನೆಯ ನಡುವೆ ಪೊಲೀಸರಿಗೆ ಪೆಪ್ಸಿ ಕೊಡುವ ಜಾಹೀರಾತು, ಹೋರಾಟವನ್ನು ಹಗುರ ಮಾಡಿತೆಂಬ ಟೀಕೆಗೆ ಮರುದಿನವೇ ಹೋಯಿತು. ಅದನ್ನು ಮಾಡಿದ್ದು ಕಂಪನಿಯ ಒಳಗಿನ ತಂಡ. ಹೊರಗಿನ ಕಣ್ಣು ಬೀಳದಿದ್ದರೆ ಹೀಗೇ ಆಗುತ್ತದೆ.

ನಿಮಗೆ ತೀರಾ ಹತ್ತಿರದ್ದು 2022ರ ಆಗಸ್ಟ್‌ನ ಜೊಮ್ಯಾಟೊ ಪ್ರಕರಣ. ‘ಉಜ್ಜಯಿನಿಯಲ್ಲಿ ಥಾಲಿ ತಿನ್ನುವ ಮನಸ್ಸಾಯಿತು, ಮಹಾಕಾಲ್‌ನಿಂದ ತರಿಸಿದೆ’ ಎಂಬರ್ಥದ ಮಾತು ಹೃತಿಕ್ ರೋಷನ್ ಬಾಯಲ್ಲಿತ್ತು. ಕಂಪನಿ ಹೇಳಿದ್ದು ಅದೇ ಹೆಸರಿನ ಹೋಟೆಲ್ ಬಗ್ಗೆ, ಅರ್ಚಕರಿಗೆ ಕೇಳಿಸಿದ್ದು ದೇವಸ್ಥಾನದ ಪ್ರಸಾದ. ಕ್ಷಮೆ ಕೇಳಿ ಹಿಂದಕ್ಕೆ ಪಡೆದರು. ನಿಮ್ಮ ಸಾಲಿಗೆ ಅಂಥ ವಿವರಣೆಯ ದಾರಿಯೂ ಇಲ್ಲ.

ವಕೀಲಿ ವೃತ್ತಿ, ಯಾದಗಿರಿ

ಏಜೆನ್ಸಿಯ ಆ ವಾಟ್ಸಾಪ್ ಸಂದೇಶಕ್ಕೆ ‘ಆಗಲಿ’ ಎಂದು ಉತ್ತರಿಸಬೇಡಿ. ‘ಈ ಸಾಲು ಬೇಡ’ ಎಂದು ಇವತ್ತೇ ಬರೆದು ಕಳಿಸಿ. ಧಾರ್ಮಿಕ ಭಾವನೆ ಕೆರಳಿಸಿದ ದೂರು ಭಾರತೀಯ ನ್ಯಾಯ ಸಂಹಿತೆಯ ಕಲಂ 299ರ ಕೆಳಗೆ ಬಂದರೆ ಉದ್ದೇಶಪೂರ್ವಕವೋ ಅಲ್ಲವೋ ಎಂಬುದೇ ಮುಖ್ಯ ಪ್ರಶ್ನೆ. ‘ಗದ್ದಲ ಆಗಲಿ’ ಎಂದು ನೀವೇ ಒಪ್ಪಿದ್ದು ಫೋನಿನಲ್ಲಿದ್ದರೆ ಅದು ನಿಮ್ಮ ವಿರುದ್ಧದ ಸಾಕ್ಷಿ. ಇಂಥ ಮೊಕದ್ದಮೆ ಎಷ್ಟು ವರ್ಷ ಎಳೆಯಬಹುದು ಎಂದರೆ, ರೂಪದರ್ಶಿಗಳಾದ ಮಿಲಿಂದ್ ಸೋಮನ್, ಮಧು ಸಪ್ರೆ ಅವರ 1995ರ ಟಫ್ ಶೂ ಜಾಹೀರಾತಿನ ಅಶ್ಲೀಲತೆ ಮೊಕದ್ದಮೆ ಖುಲಾಸೆಯಾಗಿದ್ದು 2009ರಲ್ಲಿ.

ರುಚಿ, ಪೌಷ್ಟಿಕತೆಯ ಹೇಳಿಕೆ ಬೇರೆ ವಿಷಯ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 21ರಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮರುಕಳಿಸಿದರೆ 50 ಲಕ್ಷದವರೆಗೆ. ಪ್ರಚಾರ ಮಾಡಿದ ನಟಿಗೂ ಇದು ಅನ್ವಯ. ಮೊದಲ ಸಲ 1 ವರ್ಷ, ಆಮೇಲೆ 3 ವರ್ಷದವರೆಗೆ ಅವರು ಪ್ರಚಾರ ಮಾಡದಂತೆ ತಡೆಯಬಹುದು. ಹೇಳಿದ್ದು ನಿಜವೇ ಎಂದು ಮೊದಲೇ ಪರಿಶೀಲಿಸಿದ್ದರೆ ಅವರಿಗೆ ರಕ್ಷಣೆ ಇದೆ, ಆದ್ದರಿಂದ ಪ್ರಯೋಗಾಲಯದ ವರದಿಯನ್ನು ಒಪ್ಪಂದದ ಜೊತೆಗೇ ಲಗತ್ತಿಸಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆ ಗುರುತು ಹಾಕಿಕೊಳ್ಳುವ ಮುನ್ನ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ.

ಪ್ಯಾಕಿಂಗ್ ಮತ್ತು ವಿತರಣೆ, ಕಲಬುರಗಿ

ಹಿಂದಕ್ಕ ತಗೊಳ್ಳೂದು ಅಂದ್ರೇನಂತ ಏಜೆನ್ಸಿಯವರು ಹೇಳಿರೂದಿಲ್ಲ. ಕೇಬಲ್ ಟಿವಿ ಸ್ಪಾಟ್ ಒಂದು ಫೋನಿಗೆ ನಿಲ್ತದ. ಫ್ಲೆಕ್ಸ್ ಒಂದು ದಿನ. ಬಸ್ಸಿನ ಹಿಂದಿನ ಪಟ್ಟಿ ತೆಗಿಯಾಕ ಡಿಪೋ ಡಿಪೋ ತಿರುಗಬೇಕು. ಹಳ್ಳಿ ಗ್ವಾಡಿ ಬರಹಕ್ಕ ಸುಣ್ಣದವನ್ನ ಊರೂರಿಗೆ ಕಳಿಸಬೇಕು. ವಾಟ್ಸಾಪ್ ಕ್ಲಿಪ್ ತಿರುಗಿ ಬರೂದಿಲ್ಲ.

ಎಲ್ಲಕ್ಕಿಂತ ತುಟ್ಟಿ ಅಂದ್ರ ಪ್ಯಾಕೆಟ್. ಗ್ರೇವ್ಯೂರ್ ಛಾಪಾಕ್ಕ ಬಣ್ಣಕ್ಕೊಂದು ಸಿಲಿಂಡರ್ ಕೊರೀಬೇಕು, ಫಿಲಂ ರೋಲ್‌ಗಟ್ಟಲೆ ಬರ್ತದ. ಒಂದು ಸಾಲು ತಪ್ಪಾದ್ರ ಗೋದಾಮಿನ ರೋಲ್ ರದ್ದಿ, ಅಂಗಡಿಯಾಗಿನ ತುಂಬಿದ ಪ್ಯಾಕೆಟ್ ವಾಪಸ್, ಬ್ಯಾಳಿ ಸುರುವಿ ಮತ್ತ ತುಂಬೋ ಕೂಲಿ ಬ್ಯಾರೆ. ಅಂಗಡಿಯವರು ಜಗಳದ ಮಾಲನ್ನ ಮುಂದ ಇಡೂದಿಲ್ಲ. ಖಾಲಿಯಾದ ಕಪಾಟಿನಾಗ ಬ್ಯಾರೆಯವರ ಪ್ಯಾಕೆಟ್ ಕೂತ್ರ ಆ ಜಾಗ ತಿರುಗಿ ಸಿಗಾಕ ತಿಂಗಳುಗಟ್ಟಲೆ ಹಿಡೀತದ.

ಕೇಳಿದವರು

ತಿಳೀತ್ರಿ. ಆ ಸಾಲು ಬ್ಯಾಡಂತ ಬರೆದು ಕಳಿಸೀನಿ. ಹಂಗಾದ್ರ ಜನ ತಿರುಗಿ ನೋಡೂ ಹಂಗ ಏನು ಮಾಡಬೇಕು? ಪ್ಯಾಕೆಟ್ ಮ್ಯಾಲೆ ನಟಿ ಫೋಟೋ ಹಾಕಬಹುದಾ?

ಬ್ರ್ಯಾಂಡ್ ಸಂವಹನ, ಬೀದರ್

ಅಚ್ಚರಿ ಬೇಕು, ಅದು ಯಾರನ್ನೂ ಚುಚ್ಚಬಾರದು. 2021ರಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್‌ನ ಕ್ರೆಡ್ ಕಂಪನಿ ಸದಾ ಶಾಂತರಾದ ರಾಹುಲ್ ದ್ರಾವಿಡ್ ಅವರನ್ನು ಬೆಂಗಳೂರಿನ ಟ್ರಾಫಿಕ್‌ನಲ್ಲಿ ‘ಇಂದಿರಾನಗರದ ಗೂಂಡಾ’ ಎಂದು ಕೂಗಾಡಿಸಿತು. ದೇಶವೆಲ್ಲ ಮಾತಾಡಿತು. ತಮಾಷೆ ತಿರುಗಿದ್ದು ಅವರದೇ ಸ್ವಭಾವದ ಮೇಲೆ. ನಿಮ್ಮ ನಟಿ ಧಾರಾವಾಹಿಯಲ್ಲಿ ಗಟ್ಟಿ ಅತ್ತೆಯಾಗಿದ್ದರೆ, ಕುಕ್ಕರ್ ಸೀಟಿ ಎಣಿಸುತ್ತ ತಪ್ಪು ಹುಡುಕಿ ಸೋಲುವ ಅತ್ತೆಯನ್ನಾಗಿ ಮಾಡಿ.

ಚಿತ್ರೀಕರಣಕ್ಕೆ ಮುನ್ನ ಸಾಲನ್ನು 12ರಿಂದ 15 ಜನರಿಗೆ ಓದಿಸಿ. ಮನೆಯಲ್ಲಿ ಅಡುಗೆ ಮಾಡುವವರು, ಖಾನಾವಳಿ ಭಟ್ಟರು, ಕಾಲೇಜು ಹುಡುಗರು, ಬೇರೆ ಬೇರೆ ಸಮುದಾಯದವರು ಇರಲಿ. ಸೇಡಂ, ಗುರುಮಠಕಲ್ ಕಡೆಯ ತೆಲುಗು ಕಿವಿಗೆ, ಆಳಂದ, ಬಸವಕಲ್ಯಾಣದ ಮರಾಠಿ ಕಿವಿಗೆ, ದಖ್ಖನಿ ಆಡುವವರಿಗೆ ಆ ಪದ ಹೇಗೆ ಕೇಳಿಸುತ್ತದೆ ಎಂಬುದೂ ತಿಳಿಯಬೇಕು. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ. ‘ಇದು ಏನು ಹೇಳ್ತದ?’ ಎಂದಷ್ಟೇ ಕೇಳಿ. ಇಬ್ಬರು ಒಂದೇ ಕಡೆ ಮುಖ ಸಿಂಡರಿಸಿದರೆ ಆ ಸಾಲು ಬದಲಿಸಿ.

ಪ್ಯಾಕಿಂಗ್ ಮತ್ತು ವಿತರಣೆ, ಕಲಬುರಗಿ

ಫೋಟೋ ಫಿಲಂ ಮ್ಯಾಲೆ ಛಾಪಿಸಬ್ಯಾಡ್ರಿ. ಅಂಗೈಯಷ್ಟು ಸ್ಟಿಕ್ಕರ್ ಮಾಡಿ ಪ್ಯಾಕೆಟ್ ಮುಂದಿನ ಮೂಲಿಗೆ ಅಂಟಿಸ್ರಿ, ತೂಕ, ಎಂಆರ್‌ಪಿ, ತಾರೀಖು ಮುಚ್ಚಬಾರದು. ಒಮ್ಮೆಗೆ ಎರಡು ತಿಂಗಳಿಗೆ ಸಾಲೋವಷ್ಟೇ ತರಿಸ್ರಿ. ನಟಿ ಏನರೆ ವಿವಾದಕ್ಕ ಸಿಕ್ಕರ ಅಂಟಿಸೂದು ನಿಲ್ಲಿಸಿದ್ರ ಸಾಕು, ರೋಲ್ ಉಳೀತದ.

ವಕೀಲಿ ವೃತ್ತಿ, ಯಾದಗಿರಿ

ಹಣ ಒಂದೇ ಕಂತಲ್ಲಿ ಬೇಡ. ಅರ್ಧ ಮುಂಗಡ, ಕಾಲು ಭಾಗ ಚಿತ್ರೀಕರಣದ ದಿನ, ಉಳಿದ ಕಾಲು ಅವಧಿಯ ನಡುವೆ. ನಡತೆಯ ಷರತ್ತು ಎರಡೂ ಕಡೆಗಿರಲಿ. ನೀವು ಕಲಬೆರಕೆಯಲ್ಲಿ ಸಿಕ್ಕಿಬಿದ್ದರೆ ಅವರೂ ಹೊರನಡೆಯುವಂತಿರಬೇಕು. ಬದಲಾದ ಪ್ರತಿ ಸಾಲಿಗೂ ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಂದ ಮುಗಿದ ದಿನವೇ ಅಂಗಡಿಯ ಪ್ಯಾಕೆಟ್‌ಗಳ ಮೇಲಿನ ಅವರ ಮುಖ ಅನಧಿಕೃತವಾಗುತ್ತದೆ, ಹಳೇ ಮಾಲು ಮಾರಿ ಮುಗಿಸಲು 90 ದಿನದ ಗಡುವನ್ನು ಮೊದಲೇ ಬರೆಸಿಕೊಳ್ಳಿ.